ಕೋವಿಗೆ ಅಂಬಲಿ

"ಗುರುಗಳೇ, ಕಾವಲು ಕಾಯುವವನ ತಪ್ಪನ್ನು ನಾಲ್ಕು ಜನರ ಮುಂದೆ ಎತ್ತಿ ಆಡಿದರೆ, ನಾಳೆ ಕಾವಲಿಗೆ ನಿಲ್ಲುವವರು ಯಾರು?" ಎಂದು ಶಿಷ್ಯ ಕೇಳಿದ.

ಕೇಳಿದವನ ಹೆಸರು ಗಂಗಾಧರ. ಮಠದ ಕೆಳಗಿನ ಪೇಟೆಯಲ್ಲಿ ಹದಿನೈದು ದಿನಗಳ ಹಿಂದೆ ಕಾವಲಿನವರು ಗುಂಡು ಹಾರಿಸಿ ಒಬ್ಬ ಮನುಷ್ಯ ಸತ್ತಿದ್ದ. ಅಂದಿನಿಂದ ಪೇಟೆಯಲ್ಲಿ ಬೇರೆ ಮಾತಿರಲಿಲ್ಲ. ಭಿಕ್ಷೆಗೆ ಹೋದ ಮನೆಮನೆಯಲ್ಲೂ ಗಂಗಾಧರ ಕಾವಲಿನವರ ಪರ ವಾದಿಸಿ, ಗಂಟಲು ಕಟ್ಟಿಸಿಕೊಂಡು ಮರಳಿದ್ದ. ಅವನ ಸೋದರಮಾವ ಅದೇ ಕಾವಲಿನ ಪಡೆಯವನು.

ಗುರುಗಳು ಮೊರದಲ್ಲಿ ತೊಗರಿಬೇಳೆ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು. ಮೊರವನ್ನು ಕೆಳಗಿಡದೆ ಕತೆ ಹೇಳತೊಡಗಿದರು.

ಒಂದು ಊರು. ಊರಿಗೊಂದು ಗೋಡೆ, ಗೋಡೆಗೊಂದು ಬಾಗಿಲು, ಬಾಗಿಲಿಗೊಬ್ಬ ಕಾವಲುಗಾರ. ಕಳ್ಳರ ಕಾಟ ಹೆಚ್ಚಿದಾಗ ಊರಿನವರು ದೂರದಿಂದ ಒಂದು ಕೋವಿ ತರಿಸಿ ಅವನ ಕೈಗೆ ಕೊಟ್ಟರು. ಕೋವಿಯ ಜೊತೆಗೆ ಒಂದು ಕಟ್ಟಳೆಯನ್ನೂ ಕೊಟ್ಟರು: ಮೊದಲು ಮೂರು ಸಲ ಕೂಗಬೇಕು, ಆಮೇಲೆ ಹೊಡೆಯಬೇಕು. ಮರುವರ್ಷ ಕಾವಲುಗಾರ ಕಳ್ಳರ ತಂಡವೊಂದನ್ನು ಓಡಿಸಿದ. ಊರಿನವರು ಅವನಿಗೆ ಶಾಲು ಹೊದಿಸಿದರು. ಆ ಶಾಲನ್ನು ಅವನು ಬೇಸಗೆಯಲ್ಲೂ ತೆಗೆಯಲಿಲ್ಲ.

ಅದೇ ಊರಿನಲ್ಲಿ ಒಬ್ಬ ಕುಂಬಾರಗಿತ್ತಿ ಇದ್ದಳು. ಗಂಡ ತೀರಿಕೊಂಡ ಮೇಲೆ ತಮ್ಮನ ಜೊತೆ ಇದ್ದಳು. ತಮ್ಮನ ಹೆಸರು ಭರಮಣ್ಣ. ಅವನು ಮಣ್ಣು ತಂದು ತಿಗರಿ ತಿರುಗಿಸಿ ಮಡಕೆ ಮಾಡುತ್ತಿದ್ದ. ಅವಳು ಸಂತೆಯಲ್ಲಿ ಕೂತು ಮಾರುತ್ತಿದ್ದಳು. ಅವಳ ನಾಲಿಗೆ ಹರಿತವೆಂದು ಊರಿಗೆಲ್ಲ ಗೊತ್ತಿತ್ತು. ಮಡಕೆಯನ್ನು ಒಂದು ಸಲ ತಟ್ಟಿ ನೋಡಿದವರು ಎರಡನೆಯ ಸಲ ತಟ್ಟುವ ಮುಂಚೆ ಅವಳ ಮುಖ ನೋಡುತ್ತಿದ್ದರು.

ಚಳಿಗಾಲದ ಒಂದು ಬೆಳಗು. ಮಂಜು ಇನ್ನೂ ಕರಗಿರಲಿಲ್ಲ. ಭರಮಣ್ಣ ಕೆರೆಯಂಗಳದಿಂದ ಮಣ್ಣು ಹೊತ್ತುಕೊಂಡು ಊರ ಬಾಗಿಲಿಗೆ ಬಂದ. ಕೋವಿ ಹಾರಿತು. ಬಾಗಿಲ ಬೀದಿಯವರು ಹಾಸಿಗೆಯಿಂದೆದ್ದು ಓಡಿ ಬಂದು ನೋಡುವಾಗ ಅವನು ಮಣ್ಣಿನ ಬುಟ್ಟಿಯ ಪಕ್ಕದಲ್ಲಿ ಸತ್ತು ಬಿದ್ದಿದ್ದ.

ಕಾವಲುಗಾರ ಹೇಳಿದ್ದು ಇಷ್ಟು. ಮೂರು ಸಲ ಕೂಗಿದೆ, ಅವನು ಉತ್ತರ ಕೊಡದೆ ಓಡಿದ, ಕಳ್ಳನೆಂದು ಹೊಡೆದೆ. ಬಾಗಿಲ ಬೀದಿಯ ಮೂವತ್ತು ಮಂದಿ, ಮೂರು ಕೂಗೂ ನಮ್ಮ ಕಿವಿಗೆ ಬಿದ್ದಿವೆ ಎಂದು ಸಾಕ್ಷಿ ನುಡಿದರು. ಕೂಗಿದರೂ ನಿಲ್ಲದೆ ಓಡಿದವನು ಕಳ್ಳನಲ್ಲದೆ ಇನ್ನೇನು ಎಂದು ಮಾತು ಬೆಳೆಯಿತು. ಮಣ್ಣಿನ ಬುಟ್ಟಿ ಹೊತ್ತು ಯಾವ ಕಳ್ಳ ಓಡುತ್ತಾನೆ ಎಂದು ಒಬ್ಬ ಕೇಳಿದ. ಅದೇ ಕಳ್ಳನ ಜಾಣತನ ಎಂದು ಇನ್ನೊಬ್ಬ ಉತ್ತರ ಕೊಟ್ಟ.

ಊರು ಎರಡಾಯಿತು. ಕಾವಲುಗಾರನನ್ನು ಬಿಡಬಾರದು ಎಂದಿತು ಒಂದು ಪಕ್ಷ. ಹಾಗಾದರೆ ಇವತ್ತಿನಿಂದ ಬಾಗಿಲಿಗೆ ನೀವೇ ನಿಲ್ಲಿ ಎಂದಿತು ಇನ್ನೊಂದು. ಮೊದಲನೆಯ ಪಕ್ಷ ಆ ಮಾತು ಕೇಳಿಸದವರಂತೆ ಮತ್ತೆ ಶುರುಮಾಡಿತು. ತಪ್ಪು ಮಂಜಿನದು ಎಂದರು ಕೆಲವರು. ಕೆರೆಯನ್ನು ಊರ ಹೊರಗೆ ಕಟ್ಟಿಸಿದ ಪೂರ್ವಿಕರದು ಎಂದರು ಕೆಲವರು. ಭರಮಣ್ಣ ಎಂಟು ವರ್ಷದವನಿದ್ದಾಗ ಯಾರದೋ ಗಿಡದಿಂದ ಸೀಬೆಹಣ್ಣು ಕಿತ್ತಿದ್ದು ನೇಕಾರನಿಗೆ ನೆನಪಾಯಿತು. ಅಲ್ಲಿಂದ ಮುಂದೆ ವಾದವೆಲ್ಲ ಸೀಬೆಗಿಡದ ಸುತ್ತ ನಡೆಯಿತು. ಬಿಳಿಯ ಸೀಬೆಯೋ ಕೆಂಪು ಸೀಬೆಯೋ ಎಂಬಲ್ಲಿ ಇಬ್ಬರು ಜಗಳವಾಡಿ ಮಾತು ಬಿಟ್ಟರು.

ಕುಂಬಾರಗಿತ್ತಿ ಇದನ್ನೆಲ್ಲ ಚಾವಡಿಯ ಕಂಬದ ಬಳಿ ಕೂತು ಕೇಳಿದಳು. ಆ ಊರಿನಲ್ಲಿ ಕಳ್ಳನ ಮನೆಯವರು ಸಂತೆಯಲ್ಲಿ ಕೂರುವಂತಿರಲಿಲ್ಲ. ಕಳ್ಳನ ಮನೆಯ ಮಡಕೆಯಲ್ಲಿ ಯಾರೂ ನೀರು ತುಂಬಿಡುತ್ತಿರಲಿಲ್ಲ. ಆದರೆ ಅವಳ ಮನಸ್ಸನ್ನು ಕೊರೆದದ್ದು ಸಂತೆಯಲ್ಲ. ತಮ್ಮ ಸತ್ತದ್ದು ಒಂದು ಸಲ. ಊರಿನವರು ಕಳ್ಳ ಎಂದಾಗಲೆಲ್ಲ ಮತ್ತೊಂದು ಸಲ ಸಾಯುತ್ತಿದ್ದ. ಮನೆಗೆ ಬಂದು ಅವಳು ತಿಗರಿಯನ್ನು ಒಮ್ಮೆ ಕೈಯಿಂದ ತಿರುಗಿಸಿದಳು. ಅದು ತಾನಾಗಿ ನಿಲ್ಲುವವರೆಗೂ ನೋಡಿದಳು.

ವಾದಿಸಿ ವಾದಿಸಿ ಊರು ದಣಿಯಿತು. ಆಗ ಹಿರಿಯರಲ್ಲೊಬ್ಬರು ಎರಡೂ ಪಕ್ಷಕ್ಕೆ ಒಪ್ಪುವ ತೀರ್ಪು ಹೇಳಿದರು. ಕೊಂದದ್ದು ಕೋವಿ. ಕಾವಲುಗಾರ ಅದನ್ನು ಹಿಡಿದುಕೊಂಡಿದ್ದ, ಅಷ್ಟೆ. ಆದ್ದರಿಂದ ಕೋವಿಗೆ ಆರು ತಿಂಗಳ ಸೆರೆ. ಸತ್ತವನು ಓಡಿದ್ದರಿಂದ ಅವನು ಕಳ್ಳನೆಂಬುದೂ ಹಾಗೆಯೇ ಇರತಕ್ಕದ್ದು.

ಎಲ್ಲರಿಗೂ ಸಮಾಧಾನವಾಯಿತು. ಒಂದು ಪಕ್ಷಕ್ಕೆ ಶಿಕ್ಷೆ ಸಿಕ್ಕಿತು, ಇನ್ನೊಂದಕ್ಕೆ ಕಾವಲುಗಾರ ಸಿಕ್ಕಿದ. ಕೋವಿಗೆ ಸರಪಳಿ ಬಿಗಿದು ಚಾವಡಿಯ ಸೆರೆಕೋಣೆಯಲ್ಲಿಟ್ಟು ಬೀಗ ಹಾಕಿದರು. ಸೆರೆಯಾಳನ್ನು ಕಾಯಲು ಒಬ್ಬ ಬೇಕಲ್ಲ? ಹಗಲು ಹೊತ್ತು ಕಾವಲುಗಾರನನ್ನೇ ಅಲ್ಲಿ ಕೂರಿಸಿದರು.

ಕುಂಬಾರಗಿತ್ತಿ ಅಳಲಿಲ್ಲ, ಬೈಯಲಿಲ್ಲ. ಎದ್ದು ನಿಂತು ಹಿರಿಯರನ್ನು ಒಂದೇ ಮಾತು ಕೇಳಿದಳು. ಸೆರೆಯಲ್ಲಿದ್ದವರಿಗೆ ಊರಿನವರೇ ಊಟ ಕೊಡಬೇಕೆಂಬ ಕಟ್ಟಳೆ ಇದೆ. ಈ ಸೆರೆಯಾಳಿನ ಊಟವನ್ನು ತನಗೆ ಬಿಟ್ಟುಕೊಡುವಿರಾ? ಹಿರಿಯರು ಪರಸ್ಪರ ಮುಖ ನೋಡಿಕೊಂಡರು. ಬೇಡವೆನ್ನಲು ಕಾರಣ ಸಿಗಲಿಲ್ಲ.

ಮರುದಿನ ಬೆಳಗ್ಗೆ ಅವಳು ಒಂದು ಕುಡಿಕೆ ರಾಗಿ ಅಂಬಲಿ ತಂದು ಸೆರೆಕೋಣೆಯ ಕಂಬಿಗಳ ಒಳಗೆ ಸರಿಸಿದಳು. ಬಿಸಿಯಿದೆ, ಊದಿಕೊಂಡು ಕುಡಿ ಎಂದು ಕೋವಿಗೆ ಹೇಳಿದಳು. ಆಮೇಲೆ ಅದನ್ನೇ ಕೇಳಿದಳು: ನನ್ನ ತಮ್ಮ ಓಡಿದನಂತೆ, ಯಾವ ಕಡೆಗೆ ಓಡಿದ? ಸ್ವಲ್ಪ ಹೊತ್ತು ಕಾದು, ನಿನ್ನ ಕೋವಿಗೆ ಮಾತು ಕಡಿಮೆ ಎಂದು ಕಾವಲುಗಾರನಿಗೆ ಹೇಳಿ ಹೋದಳು. ಕಾವಲುಗಾರ ಮೀಸೆಯಡಿಯಲ್ಲಿ ನಕ್ಕ.

ಎರಡನೆಯ ದಿನ ಬಂದು ಕುಡಿಕೆ ನೋಡಿದಳು. ನಿನ್ನೆಯದು ಹಾಗೇ ಇದೆಯಲ್ಲ, ಉಪ್ಪು ಸಾಲದಾಯಿತೇ ಎಂದು ಕೋವಿಯನ್ನು ವಿಚಾರಿಸಿಕೊಂಡಳು. ಮೂರನೆಯ ದಿನ ಮಜ್ಜಿಗೆ ಬೆರೆಸಿ ತಂದಳು. ನಾಲ್ಕನೆಯ ದಿನಕ್ಕೆ ಚಾವಡಿಯ ಮುಂದೆ ಜನ ಸೇರತೊಡಗಿದರು. ಕೋವಿಗೆ ಹಲ್ಲುನೋವಿರಬೇಕು ಎಂದ ಗಾಣಿಗ. ತವರಿನ ನೆನಪಾಗಿರಬೇಕು ಎಂದಳು ಅವನ ತಾಯಿ. ಜನ ನಕ್ಕರು. ಮೊದಲು ಕುಂಬಾರಗಿತ್ತಿಯನ್ನು ನೋಡಿ ನಗುತ್ತಿದ್ದವರು ಕ್ರಮೇಣ ಕಾವಲುಗಾರನನ್ನು ನೋಡಿ ನಕ್ಕರು, ಆಮೇಲೆ ಹಿರಿಯರನ್ನು ನೋಡಿ. ಪರವೂರಿನ ವ್ಯಾಪಾರಿಯೊಬ್ಬ ಕೋವಿಗೆ ಯಾಕೆ ಸರಪಳಿ ಎಂದು ಕೇಳಿದಾಗ, ಯಾರಿಗೂ ಅದನ್ನು ನಗದೆ ವಿವರಿಸಲು ಆಗಲಿಲ್ಲ.

ಇನ್ನು ಬರಬೇಡ ಅಕ್ಕಾ ಎಂದು ಕಾವಲುಗಾರ ಬೇಡಿಕೊಂಡ. ಊರಿನ ತೀರ್ಪನ್ನು ನಾನು ಹೇಗೆ ಮೀರಲಿ ಎಂದಳು ಅವಳು. ಆ ದಿನ ಕೋವಿಯೊಡನೆ ಇನ್ನೊಂದು ಮಾತಾಡಿದಳು. ಕಳ್ಳರನ್ನು ಓಡಿಸಿದ್ದೂ ನೀನೇ ಅಲ್ಲವೇ, ಶಾಲು ಮಾತ್ರ ಈತ ಹೇಗೆ ಹೊದ್ದ, ನಿನಗೆ ಚಳಿಯಾಗುವುದಿಲ್ಲವೇ? ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುದಿನ ಕಾವಲುಗಾರ ಶಾಲಿಲ್ಲದೆ ಬಂದ.

ಒಂಬತ್ತನೆಯ ದಿನ ಮಳೆ ಹನಿಯುತ್ತಿತ್ತು. ನೋಡುವವರು ಯಾರೂ ಇರಲಿಲ್ಲ. ಅವಳು ಕುಡಿಕೆ ಇಟ್ಟು ಕೋವಿಯ ಮುಂದೆ ಕುಳಿತಳು. ಅಂದು ತಮಾಷೆ ಮಾಡಲಿಲ್ಲ.

"ಕೊನೆಗೆ ನನ್ನ ತಮ್ಮ ಏನಾದರೂ ಅಂದನೇ?" ಎಂದು ಕೇಳಿದಳು.

ಕೋವಿಯ ಬದಲು ಕಾವಲುಗಾರ ಬಾಯಿ ಬಿಟ್ಟ.

"ಅಂದ. 'ನಾನು ಕಣಣ್ಣ, ಭರಮ' ಅಂದ."

"ನೀನು ಕೂಗಿದ್ದಕ್ಕೆ ಉತ್ತರವಾಗಿಯೇ?"

"ಇಲ್ಲ ಅಕ್ಕಾ. ಮಂಜಿನಲ್ಲಿ ಏನೋ ಬಂದ ಹಾಗೆ ಕಂಡಿತು. ಹೆದರಿದೆ, ಹೊಡೆದೆ. ಅವನು ಬಿದ್ದ ಮೇಲೆ ಆ ಮಾತು ಅಂದ. ಅದು ಕೇಳಿದ ಮೇಲೆ ನಾನು ಕೂಗಿದೆ. ಮೂರು ಸಲ."

ಕುಂಬಾರಗಿತ್ತಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅವನ ಕುತ್ತಿಗೆ ಹಿಡಿಯಬೇಕೆಂದು ಅವಳ ಕೈ ಎದ್ದದ್ದು ನಿಜ. ಆದರೆ ಆ ಕುತ್ತಿಗೆಯಲ್ಲೇ ತನ್ನ ತಮ್ಮನ ಹೆಸರು ಸಿಕ್ಕಿಕೊಂಡಿದೆ ಎಂದು ಅವಳಿಗೆ ಗೊತ್ತಿತ್ತು.

"ನನಗೊಬ್ಬಳಿಗೆ ಹೇಳಿದರೆ ಸಾಲದು. ನನ್ನ ಮಡಕೆ ಕೊಳ್ಳುವವಳು ನಾನಲ್ಲ," ಎಂದಳು. ಕುಡಿಕೆಯನ್ನು ಕೋವಿಯ ಮುಂದಿನಿಂದ ಎತ್ತಿ ಅವನ ಮುಂದಿಟ್ಟಳು. "ಆರುತ್ತದೆ. ಇವತ್ತು ನೀನೇ ಕುಡಿ."

ಅವನು ಕುಡಿದ.

ಸಂತೆಯ ದಿನ ಕಾವಲುಗಾರ ಚಾವಡಿಯ ಕಟ್ಟೆ ಹತ್ತಿ ನಡೆದದ್ದನ್ನು ನಡೆದ ಹಾಗೆ ಹೇಳಿದ. ಹಿರಿಯರಿಗೆ ಸಿಟ್ಟು ಬಂತು. ಈ ಅಪರಾಧಕ್ಕೆ ಶಿಕ್ಷೆ ಆಗಿಹೋಗಿದೆ, ಕೋವಿ ಅನುಭವಿಸುತ್ತಿದೆ, ಒಂದು ತಪ್ಪಿಗೆ ಇಬ್ಬರನ್ನು ಸೆರೆಯಲ್ಲಿಡುವುದು ಧರ್ಮವಲ್ಲ ಎಂದರು. ಮೂವತ್ತು ಮಂದಿಯ ಸಾಕ್ಷಿ ಸುಳ್ಳೇ ಎಂದೂ ಕೇಳಿದರು. ಮೂವತ್ತು ಮಂದಿ ಸುಳ್ಳಲ್ಲ ಎಂದು ಕೂಗಿದರು.

ಗಾಣಿಗನ ತಾಯಿ ಮಾತ್ರ ಕೂಗಲಿಲ್ಲ. ಅವಳು ಯೋಚಿಸುತ್ತಿದ್ದಳು. ಢಂ ಎಂದ ಸದ್ದಿಗೆ ನನ್ನ ತಲೆಯ ಮೇಲೆ ತೂಗುತ್ತಿದ್ದ ನೆಲುವಿನ ಮೊಸರು ಅಲುಗಾಡಿ ಮುಖದ ಮೇಲೆ ಚೆಲ್ಲಿತು, ಎದ್ದು ಒರೆಸಿಕೊಳ್ಳುವಾಗ ಕೂಗು ಕೇಳಿತು ಎಂದಳು. ನೇಕಾರ ತಲೆ ಕೆರೆದುಕೊಂಡ. ತಾನೂ ಆ ಸದ್ದಿಗೇ ಎದ್ದದ್ದು ಎಂದ. ಅವನ ಹೆಂಡತಿಯೂ ಹೌದೆಂದಳು. ಹೀಗೆ ಮೂವತ್ತೂ ಮಂದಿ ಒಬ್ಬರ ಹಿಂದೊಬ್ಬರಂತೆ ಹೌದೆಂದರು. ಯಾರೂ ಸುಳ್ಳು ಹೇಳಿರಲಿಲ್ಲ. ಕೂಗು ಮೊದಲೋ ಸದ್ದು ಮೊದಲೋ ಎಂದು ಯಾರೂ ಅವರನ್ನು ಕೇಳಿರಲೂ ಇಲ್ಲ, ಅವರು ತಮ್ಮನ್ನು ಕೇಳಿಕೊಂಡಿರಲೂ ಇಲ್ಲ.

ಆ ಮಧ್ಯಾಹ್ನವೇ ಕೋವಿ ಸೆರೆಯಿಂದ ಹೊರಗೆ ಬಂತು, ಕಾವಲುಗಾರ ಒಳಗೆ ಹೋದ. ಕೋವಿಗೆ ವೃಥಾ ಸೆರೆಯಾಯಿತಲ್ಲ, ಅದರ ಕ್ಷಮೆ ಕೇಳಬೇಕೇ ಎಂದು ಹಿರಿಯರಲ್ಲಿ ಸ್ವಲ್ಪ ಚರ್ಚೆ ನಡೆಯಿತು. ಕುಂಬಾರಗಿತ್ತಿ ಆ ಕಡೆ ನೋಡಿದ್ದರಿಂದ ಚರ್ಚೆ ಅಲ್ಲಿಗೇ ನಿಂತಿತು. ಭರಮಣ್ಣ ಕಳ್ಳನಲ್ಲ, ಮಣ್ಣು ತರಲು ಹೋದ ಕುಂಬಾರ ಎಂದು ನಾಲ್ಕೂ ಬೀದಿಗಳಲ್ಲಿ ಡಂಗುರ ಹೊಡೆಸಿದರು. ಡಂಗುರದವನು ಅವಳ ಮನೆಯ ಮುಂದೆ ಬಂದಾಗ, ಇನ್ನೊಮ್ಮೆ ಹೇಳು ಎಂದಳು. ಅವನು ಇನ್ನೊಮ್ಮೆ ಹೇಳಿದ.

ಮುಂದಿನ ಸಂತೆಯಲ್ಲಿ ಅವಳ ಮುಂದೆ ತಮ್ಮ ಮಾಡಿಟ್ಟಿದ್ದ ಮಡಕೆಗಳಿದ್ದವು. ಊರಿನವರು ನಾಚಿಕೆಯಿಂದ ಚೌಕಾಸಿ ಮಾಡದೆ ಕೊಳ್ಳಲು ಬಂದರು. ತಟ್ಟಿ ನೋಡದೆ ಒಯ್ಯುತ್ತೀರಲ್ಲ, ನಾಳೆ ಸೋರಿದರೆ ಯಾರನ್ನು ಸೆರೆಗೆ ಹಾಕುತ್ತೀರಿ ಎಂದು ಅವಳು ಗದರಿದಳು. ಆಮೇಲೆ ವ್ಯಾಪಾರ ಎಂದಿನಂತೆ ನಡೆಯಿತು.

ಕಾವಲಿಗೆ ಹೊಸಬನನ್ನು ಹುಡುಕುವುದು ಕಷ್ಟವಾಗಲಿಲ್ಲ. ಇನ್ನು ಕಳ್ಳರಿಗೆ ಹಬ್ಬ ಎಂದು ಹೆದರಿದವರು ಇದ್ದರು. ಕಳ್ಳರು ಬಂದದ್ದೂ ನಿಜ. ಹೊಸಬ ಕಟ್ಟಳೆಯಂತೆ ಮೊದಲು ಕೂಗಿದ. ಮೂರನೆಯ ಕೂಗಿಗೆ ಇಡೀ ಊರು ಒನಕೆ, ಬಡಿಗೆ ಹಿಡಿದು ಬಾಗಿಲಲ್ಲಿತ್ತು. ಕಳ್ಳರು ಚಪ್ಪಲಿ ಬಿಟ್ಟು ಓಡಿದರು. ಕೋವಿ ಹಾರಿಸುವ ಕೆಲಸ ಬೀಳಲಿಲ್ಲ.

ಗುರುಗಳು ಕತೆ ಮುಗಿಸಿ ಮೊರವನ್ನು ಒಮ್ಮೆ ಕೇರಿದರು. ಸುತ್ತ ಕುಳಿತ ಶಿಷ್ಯರು ಕೋವಿಯ ಹಲ್ಲುನೋವನ್ನು ನೆನೆದು ಇನ್ನೂ ನಗುತ್ತಿದ್ದರು. ಗಂಗಾಧರನೂ ನಕ್ಕ.

"ಕತೆ ಚೆನ್ನಾಗಿದೆ ಗುರುಗಳೇ. ಆದರೆ ನಮ್ಮ ಪೇಟೆಯದು ಹಾಗಲ್ಲ," ಎಂದ. "ಆ ಹೊತ್ತಿಗೆ ನಾನು ಅಲ್ಲೇ ಅಂಗಡಿಯಲ್ಲಿ ಮಠಕ್ಕೆ ಬೆಲ್ಲ ತೂಗಿಸುತ್ತಿದ್ದೆ. ನನ್ನ ಬೆನ್ನ ಹಿಂದೆಯೇ ನಡೆದದ್ದು. ಮಾವನವರು ಕೂಗಿದ್ದನ್ನು ಕಿವಿಯಾರೆ ಕೇಳಿದ್ದೇನೆ."

ಗುರುಗಳು ಬೇಳೆಯಿಂದ ಕಣ್ಣೆತ್ತಿ ಅವನನ್ನು ನೋಡಿದರು.

"ನೀನು ತಿರುಗಿ ನೋಡಿದ್ದು ಯಾವ ಸದ್ದಿಗೆ?"