ಹುರುಳಿ ಹೊಲದ ಮಡಕೆಗಳು

"ಗುರುಗಳೇ, ಹೊಳೆಯಾಚೆಯ ನಾಡಿಗೆ ನಮ್ಮ ದಂಡು ಮತ್ತೆ ಹೋಗಬೇಕೋ, ಬೇಡವೋ?"

ಕೇಳಿದವನು ದಳವಾಯಿ ಹಂಪರಸ, ಗುರುಗಳ ಹಳೆಯ ಶಿಷ್ಯ. ಹಿಂದೊಮ್ಮೆ ಆ ನಾಡಿಗೆ ದಂಡು ನಡೆಸಿಕೊಂಡು ಹೋಗಿ ಒಂಬತ್ತು ವರ್ಷ ಅಲ್ಲಿಯೇ ಕಾದಾಡಿದವನು ಅವನೇ. ಸಾಕಾಗಿ ಉಳಿದವರನ್ನು ಮನೆಗೆ ಕರೆತಂದವನೂ ಅವನೇ. ಬಂದು ನಾಲ್ಕು ವರ್ಷವಾಗಿತ್ತು. ಈಗ ಅಲ್ಲಿ ಕೊಳ್ಳೆಗಾರರು ಮತ್ತೆ ತಲೆಯೆತ್ತಿ ಊರುಗಳನ್ನು ಸುಡುತ್ತಿದ್ದರು. ಹೋಗೋಣ ಎನ್ನುವವರಿದ್ದರು, ಬೇಡವೆನ್ನುವವರೂ ಇದ್ದರು. ನಾಳೆಯ ಓಲಗದಲ್ಲಿ ಅರಸ ದಳವಾಯಿಯನ್ನೇ ಕೇಳುವವನಿದ್ದ. ಅವನು ಹೂಂ ಎಂದರೆ ದಂಡಿನ ನಗಾರಿ ಮೊಳಗುತ್ತದೆ, ಊಹೂಂ ಎಂದರೆ ಇಲ್ಲ.

ಗುರುಗಳು ಮಠದ ಜಗಲಿಯ ಮೇಲೆ ಎಡಗಾಲು ನೀಡಿಕೊಂಡು ಕುಳಿತಿದ್ದರು. ಆ ಕಾಲು ಮಡಚುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಯಾತ್ರೆಗೆ ಹೋದಾಗ ಹುಲಿ ಕಚ್ಚಿತೆಂದು ಅವರೇ ಎಲ್ಲರಿಗೂ ಹೇಳಿದ್ದರು. ಮೊದಲು ಒಂದು ಹುಲಿಯಿತ್ತು. ಈಚೆಗೆ ಅದು ಮೂರಾಗಿತ್ತು.

"ಸರಿಯಾದ ಜಾಗಕ್ಕೇ ಬಂದೆಯಪ್ಪ" ಎಂದರು ಗುರುಗಳು. "ರಾಜನೀತಿಯಲ್ಲಿ ನನ್ನನ್ನು ಮೀರಿಸುವವರು ಈ ಸೀಮೆಯಲ್ಲೇ ಇಲ್ಲ. ಇದುವರೆಗೆ ಯಾರೂ ನನ್ನನ್ನು ಕೇಳಿಲ್ಲ, ಹಾಗಾಗಿ ಒಮ್ಮೆಯೂ ತಪ್ಪಿಲ್ಲ. ಹುಲಿಯ ಕತೆ ಹೇಳಲೋ, ಹಂದಿಯದೋ?"

"ಹುಲಿಯದು ಬಹಳ ಸಲ ಕೇಳಿದ್ದೇನೆ, ಗುರುಗಳೇ. ದಣಿದಿದ್ದೇನೆ."

"ಹುಲಿಯೂ ದಣಿದಿದೆ. ಹಂದಿಯದೇ ಆಗಲಿ" ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿಗೆ ಕಾಡುಹಂದಿಗಳ ಕಾಟವಿತ್ತು. ಅವು ಅಂಥಿಂಥ ಹಂದಿಗಳಲ್ಲ. ಒಂದೊಂದೂ ನಮ್ಮ ಮಠದ ಅಡುಗೆಮನೆಯಷ್ಟಿತ್ತು. ಅವು ಹಾದುಹೋದ ಹೊಲವನ್ನು ಮತ್ತೆ ಉಳಬೇಕಾಗಿರಲಿಲ್ಲ. ಬಿತ್ತುವುದಕ್ಕೆ ಬೀಜ ಮಾತ್ರ ಉಳಿದಿರುತ್ತಿರಲಿಲ್ಲ.

ದೂರದ ಊರಿನ ಬೇಟೆಗಾರನೊಬ್ಬ ಇದನ್ನು ಕೇಳಿದ. ಇಂದು ಅವರ ಹೊಲ, ನಾಳೆ ನನ್ನ ಹೊಲ ಎಂದುಕೊಂಡ. ಆಳುಗಳನ್ನೂ ನಾಯಿಗಳನ್ನೂ ಕಟ್ಟಿಕೊಂಡು ಬಂದ. ಊರಿನಲ್ಲಿ ಕೆಲವರು ಹಾರ ಹಾಕಿದರು, ಕೆಲವರು ಬಾಗಿಲು ಹಾಕಿಕೊಂಡರು. ಅವನು ಹೊಲಗಳಲ್ಲಿ ಗುಂಡಿ ತೋಡಿಸಿದ. ತಳದಲ್ಲಿ ಚೂಪಾದ ಗೂಟ, ಬಾಯಿಗೆ ಬಿದಿರಿನ ತಟ್ಟಿ, ತಟ್ಟಿಯ ಮೇಲೆ ಮಣ್ಣು, ಮಣ್ಣಿನಲ್ಲಿ ಹುರುಳಿ. ಹುರುಳಿ ಚಿಗುರಿದ ಮೇಲೆ ಗುಂಡಿ ಯಾವುದು, ನೆಲ ಯಾವುದು ಎಂದು ನೆಲಕ್ಕೇ ತಿಳಿಯುತ್ತಿರಲಿಲ್ಲ. ಅಂಥ ಕೆಲಸಗಾರ.

ಹಂದಿಗಳು ಬಿದ್ದವು. ಉಳಿದವು ಕಾಡು ಸೇರಿದವು. ಬೇಟೆಗಾರ ವರ್ಷಗಟ್ಟಲೆ ಕಾವಲು ಕಾದ. ನಾಯಿಗಳು ಮುದಿಯಾದವು. ಆಳುಗಳಿಗೆ ಮನೆಯ ನೆನಪು ಹತ್ತಿತು. ಒಂದು ಬೆಳಗ್ಗೆ ಎಲ್ಲರೂ ಎದ್ದು ಹೊರಟುಹೋದರು.

ಇಲ್ಲಿ ದಳವಾಯಿ ಬಾಯಿ ಹಾಕಿದ. "ನಾವೂ ಗುಂಡಿ ತೋಡಿದ್ದೆವು. ಕೊಳ್ಳೆಗಾರರ ಕುದುರೆಗಳಿಗಾಗಿ. ಹೊರಡುವಾಗ ಮುಚ್ಚಲು ಪುರುಸೊತ್ತಾಗಲಿಲ್ಲ."

"ನಾನು ಹೇಳುತ್ತಿರುವುದು ಹಂದಿಯ ಕತೆ. ನಡುವೆ ನಿನ್ನ ಕುದುರೆ ನುಗ್ಗಿಸಬೇಡ" ಎಂದು ಗುರುಗಳು ಮುಂದುವರಿಸಿದರು.

ಬೇಟೆಗಾರ ಹೋದದ್ದು ಹಂದಿಗಳಿಗೆ ತಿಳಿಯಿತು. ಅವು ಮರಳಿ ಬಂದವು. ಅವು ಬಂದ ಸುದ್ದಿ ಬೇಟೆಗಾರನಿಗೂ ತಲುಪಿತು. ಅವನಿಗೆ ನಿದ್ದೆ ಹತ್ತಲಿಲ್ಲ. ಅಷ್ಟು ವರ್ಷದ ಕೆಲಸ ಮಣ್ಣುಪಾಲಾಯಿತಲ್ಲ ಎಂದು ಕೊರಗಿದ. ಮತ್ತೆ ಹೋಗಬೇಕೋ ಬೇಡವೋ ಎಂದು ನೋಡಿ ಬರಲು ಒಬ್ಬನೇ ಹೊರಟ.

ಗುಡ್ಡದ ಮೇಲೆ ನಿಂತು ನೋಡಿದ. ಹೊಲದ ತುಂಬ ಕೋಲು ನೆಟ್ಟಿದ್ದರು. ಕೋಲಿನ ತುದಿಗೆ ಬೋರಲು ಹಾಕಿದ ಮಡಕೆ, ಮಡಕೆಯ ಮೇಲೆ ಸುಣ್ಣದ ಬೊಟ್ಟು. ಒಳ್ಳೆಯ ಬೆಳೆಗೆ ಕೆಟ್ಟ ಕಣ್ಣು ತಾಗದಿರಲೆಂದು ರೈತರು ಹಾಗೆ ಮಡಕೆ ಇಡುವುದುಂಟು. ಇಲ್ಲಿ ಒಂದಲ್ಲ, ಎರಡಲ್ಲ, ಕಣ್ಣು ಹಾಯುವವರೆಗೂ ಮಡಕೆ. ಬೇಟೆಗಾರನ ಎದೆ ಉಬ್ಬಿತು. ನನ್ನಿಂದ ಈ ಊರು ಹೇಗೆ ಬೆಳೆದಿದೆ ನೋಡು, ಇದನ್ನು ಹಂದಿಗಳ ಬಾಯಿಗೆ ಬಿಡುವುದೇ ಎಂದುಕೊಂಡ. ಗುಡ್ಡ ಇಳಿದು ಹೊಲದ ನಡುವೆ ನೆಟ್ಟಗೆ ಊರ ಕಡೆಗೆ ನಡೆದ.

ಕಳೆ ಕೀಳುತ್ತಿದ್ದ ಒಬ್ಬ ಮುದುಕಿ ಅವನನ್ನು ಕಂಡಳು. "ಅಲ್ಲೇ ನಿಲ್ಲಪ್ಪ. ಕಾಲು ಎತ್ತಬೇಡ" ಎಂದಳು. ಆಮೇಲೆ ತಾನೇ ಅವನ ಬಳಿಗೆ ಬಂದಳು. ಈ ಮಡಕೆಯನ್ನು ಸುತ್ತಿ, ಆ ಮಡಕೆಯನ್ನು ಬಳಸಿ, ಹಾವು ಹರಿದ ಹಾಗೆ ಬಂದಳು.

ಬೇಟೆಗಾರ ನಕ್ಕ. "ಏನಜ್ಜಿ, ಬೆಳಗ್ಗೆಯೇ ಹೆಂಡ ಕುಡಿದವರ ಹಾಗೆ ನಡೆಯುತ್ತೀಯ. ಇಷ್ಟೊಂದು ದೃಷ್ಟಿಯ ಮಡಕೆ ಇಟ್ಟಿದ್ದೀರಿ, ಬೆಳೆ ಅಷ್ಟು ಚೆನ್ನಾಗಿದೆಯೋ?"

"ಅವು ದೃಷ್ಟಿಗಲ್ಲಪ್ಪ. ಒಂದೊಂದು ಮಡಕೆಯ ಬುಡದಲ್ಲಿ ನಿನ್ನದೊಂದು ಗುಂಡಿಯಿದೆ. ಇದನ್ನು ಕಂಡುಹಿಡಿದದ್ದು ನಮ್ಮ ಎತ್ತು. ಅದರಾಚೆಯದನ್ನು ನನ್ನ ಅಳಿಯ. ಆ ಬೇಲಿಯ ಹತ್ತಿರದ್ದನ್ನು ಯಾರೋ ದಾರಿಹೋಕ. ಅವನ ಕಾಲು ಹೋಯಿತು, ಜೀವ ಉಳಿಯಿತು. ಇನ್ನೂ ಯಾರೂ ಬೀಳದ ಗುಂಡಿಗಳಿಗೆ ಮಡಕೆ ಇಟ್ಟಿಲ್ಲ."

ಬೇಟೆಗಾರ ಎತ್ತಿದ ಕಾಲನ್ನು ಮೆಲ್ಲಗೆ ಮೊದಲಿದ್ದಲ್ಲಿಯೇ ಇಟ್ಟ. "ಹಂದಿಗಳು ಬಂದಿವೆಯಂತಲ್ಲ. ಆಳುಗಳನ್ನು ಕರೆದುಕೊಂಡು ಮತ್ತೆ ಬರಲೇ?"

"ಬಂದಿವೆ. ಮೊನ್ನೆ ಪಕ್ಕದ ಮನೆಯವನ ಹೊಟ್ಟೆ ಸೀಳಿದವು. ಹಂದಿಯೇನೂ ನನ್ನ ನೆಂಟನಲ್ಲ. ನೀನು ಬಂದರೆ ಸಾಕೆಂದು ನಮ್ಮ ಗಂಡಸರು ಕಾಯುತ್ತಿದ್ದಾರೆ. ನನ್ನನ್ನು ಕೇಳುವುದಾದರೆ, ಈಟಿ ಆಮೇಲೆ ತಾ. ನೀನು ತೋಡಿದ್ದು ಎಲ್ಲೆಲ್ಲಿ, ಮೊದಲು ಅದನ್ನು ತೋರಿಸು."

ಬೇಟೆಗಾರ ಹೊಲವನ್ನು ನೋಡಿದ. ಎಲ್ಲ ಕಡೆಯೂ ಹುರುಳಿ ಒಂದೇ ಸಮನಾಗಿ ಹಬ್ಬಿತ್ತು. ಅಂಥ ಕೆಲಸಗಾರ. ಅವನಿಗೆ ಒಂದೂ ಗುರುತು ಸಿಗಲಿಲ್ಲ. ತಾನು ಬಂದ ದಾರಿಯಲ್ಲಿ ಹಿಂದಿರುಗಲೂ ಧೈರ್ಯವಾಗಲಿಲ್ಲ. ಕೊನೆಗೆ ಮುದುಕಿಯೇ ಅವನ ಕೈ ಹಿಡಿದು, ಮಡಕೆಗಳನ್ನು ಬಳಸಿ ಬಳಸಿ, ಹೊಲ ದಾಟಿಸಿ ಬಿಟ್ಟಳು.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ನೀಡಿದ ಕಾಲನ್ನು ಎರಡೂ ಕೈಗಳಿಂದ ಎತ್ತಿ ಸ್ವಲ್ಪ ಸರಿಸಿಕೊಂಡರು.

"ಆಮೇಲೆ ಅವನು ದಂಡು ಕಟ್ಟಿಕೊಂಡು ಹೋದನೋ, ಇಲ್ಲವೋ?" ಎಂದು ದಳವಾಯಿ ಕೇಳಿದ.

"ಅವನಿನ್ನೂ ಯೋಚಿಸುತ್ತಿದ್ದಾನೆ. ನಾಳೆ ಓಲಗವಿದೆಯಂತೆ."

ದಳವಾಯಿ ಎದ್ದು ಪೇಟ ಕಟ್ಟಿಕೊಂಡ. ಮೆಟ್ಟಿಲು ಇಳಿದವನು ತಿರುಗಿ ನಿಂತ.

"ಗುರುಗಳೇ, ನಮ್ಮ ಗುಂಡಿಗಳ ತಟ್ಟಿಯ ಮೇಲೂ ನಾವು ಹುರುಳಿಯನ್ನೇ ಬಿತ್ತಿದ್ದೆವು. ಅದನ್ನು ನಾನು ಈ ಊರಿನಲ್ಲಿ ಯಾರಿಗೂ ಹೇಳಿಲ್ಲ. ನೀವು ಆ ಯಾತ್ರೆಯಲ್ಲಿ ಹೊಳೆ ದಾಟಿದ್ದಿರಾ?"

"ಈ ಕಾಲು ಕಚ್ಚಿದ ಹುಲಿ ಹೊಳೆಯಾಚೆಯದೇ, ಹಂಪರಸ, ಹೊರಡುವ ಅವಸರದಲ್ಲಿ ನೀನು ಬಿಟ್ಟು ಬಂದದ್ದು."