ತೂಕದವನು ಕಾರು ನೋಡಿದ್ದು

ಶಿಷ್ಯ ಕೇಳಿದ: "ಗುರುಗಳೇ, ಕೊರತೆಯಿಲ್ಲದ ಗುರುವನ್ನು ಗುರುತಿಸುವುದು ಹೇಗೆ?"

ಅವನು ಆ ಆಶ್ರಮಕ್ಕೆ ಬಂದು ಒಂಬತ್ತು ದಿನಗಳಾಗಿದ್ದವು. ಸಂಸಾರ ಬಿಟ್ಟು ಹೊರಟವನು, ಅದಕ್ಕೆ ಮೊದಲು ಆರು ಕಡೆ ಇದ್ದು ಬಂದಿದ್ದ. ಮೊದಲನೆಯ ಗುರುವಿಗೆ ಸಿಟ್ಟು ಹೆಚ್ಚು. ಎರಡನೆಯವರಿಗೆ ಊಟದ ಮೇಲೆ ಆಸೆ. ಮೂರನೆಯವರು ಹಣವಂತ ಭಕ್ತರು ಬಂದರೆ ಎದ್ದು ನಿಲ್ಲುತ್ತಿದ್ದರು. ಉಳಿದ ಮೂವರ ವಿಷಯವನ್ನೂ ಅವನು ಬಿಡದೆ ಹೇಳಿದ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸದೆ, "ಕೂತುಕೋ, ಒಬ್ಬ ತೂಕದವನ ಕತೆ ಹೇಳುತ್ತೇನೆ," ಎಂದರು.

ಒಂದು ಊರಿನ ಈರುಳ್ಳಿ ಮಂಡಿಯಲ್ಲಿ ಒಬ್ಬ ತೂಕದವನಿದ್ದ. ಮೂಟೆಯನ್ನು ತಕ್ಕಡಿಗೆ ಏರಿಸುವುದು, ತೂಕವನ್ನು ಗಟ್ಟಿಯಾಗಿ ಕೂಗುವುದು, ಮೂಟೆಯನ್ನು ಇಳಿಸುವುದು, ಇಷ್ಟೇ ಅವನ ಕೆಲಸ. ತೂಕ ಕಡಿಮೆ ಬಂದರೆ ರೈತ ಬೈಯುತ್ತಿದ್ದ. ಹೆಚ್ಚು ಬಂದರೆ ಸಾಹುಕಾರ ಬೈಯುತ್ತಿದ್ದ. ಹದಿನಾಲ್ಕು ವರ್ಷಗಳಲ್ಲಿ ಅಲ್ಲಿ ಒಬ್ಬರೂ ಅವನನ್ನು ಹೆಸರು ಹಿಡಿದು ಕರೆದಿರಲಿಲ್ಲ. 'ಏಯ್ ತೂಕದವನೇ' ಎಂದರೆ ತಿರುಗಿ ನೋಡುತ್ತಿದ್ದ. ರಜೆ ಕೇಳಿದರೆ ಸಾಹುಕಾರ 'ನೋಡೋಣ' ಎನ್ನುತ್ತಿದ್ದ. ಸಂಬಳ ಹೆಚ್ಚಿಸಿ ಎಂದರೂ 'ನೋಡೋಣ'. ಆ ಮಾತು ಕೇಳಿದ ಮೇಲೆ ಅವನು ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದು, ಮತ್ತೆ ತಕ್ಕಡಿಯ ಹತ್ತಿರ ಹೋಗುತ್ತಿದ್ದ.

ಅವನಿಗೆ ಒಬ್ಬಳೇ ಮಗಳು. ನಾಲ್ಕು ವರ್ಷದ ಮಗು. ಕಾಲುಗಳು ಬಿಗಿದುಕೊಂಡಿದ್ದವು, ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಒಬ್ಬ ವೈದ್ಯೆ ಆ ಕಾಲುಗಳನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಎಳೆದು ನೋಡಿದರು. ವಾರಕ್ಕೆ ಮೂರು ದಿನ ತಪ್ಪದೆ ಕರೆತಂದು ವ್ಯಾಯಾಮ ಮಾಡಿಸಿದರೆ ಈ ಮಗು ನಡೆದೀತು ಎಂದರು. ಈಗ ಎಳೆಯ ನರ, ಹೇಳಿದ ಮಾತು ಕೇಳುತ್ತದೆ, ಏಳು ವರ್ಷ ತುಂಬಿದ ಮೇಲೆ ಕೇಳುವುದಿಲ್ಲ ಎಂದೂ ಹೇಳಿದರು.

ತಾಯಿ ಮಗುವನ್ನು ಸೊಂಟದ ಮೇಲೆ ಹೊತ್ತು ಬಸ್ಸಿನಲ್ಲಿ ಹೋಗಿಬಂದಳು. ನಡುವೆ ಒಂದು ಕಡೆ ಇಳಿದು ಬೇರೆ ಬಸ್ಸು ಹತ್ತಬೇಕು. ಎರಡರಲ್ಲೂ ಕೂರಲು ಜಾಗ ಸಿಕ್ಕರೆ ಅದು ಪುಣ್ಯ. ಕುಲುಕಾಟಕ್ಕೆ ಮಗುವಿನ ಕಾಲು ಇನ್ನಷ್ಟು ಸೆಟೆದುಕೊಳ್ಳುತ್ತಿತ್ತು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅತ್ತು ಅತ್ತು ಸೋತಿರುತ್ತಿತ್ತು. ಕಾಲು ಮುಟ್ಟಲು ಯಾರನ್ನೂ ಬಿಡುತ್ತಿರಲಿಲ್ಲ. ವೈದ್ಯೆ, "ಹೀಗೆ ತಂದರೆ ಪ್ರಯೋಜನ ಇಲ್ಲಮ್ಮ. ಕಾಲು ಚಾಚಿ ಮಲಗಿಸಿಕೊಂಡು ಬರುವ ಹಾಗೆ ಏನಾದರೂ ಮಾಡಿ," ಎಂದರು.

ವಾರಕ್ಕೆ ಮೂರು ಸಲ ಬಾಡಿಗೆ ಕಾರು ಮಾಡುವ ಶಕ್ತಿ ಅವರಿಗಿರಲಿಲ್ಲ. ಹೊಸ ಕಾರಿನ ಮಾತೇ ಇಲ್ಲ. ಹೆಂಡತಿ ಮನೆಯಲ್ಲಿ ರೊಟ್ಟಿ ತಟ್ಟಿ ಖಾನಾವಳಿಗಳಿಗೆ ಕೊಡುತ್ತಿದ್ದಳು. ಅದರಲ್ಲಿ ಉಳಿಸಿದ್ದಕ್ಕೆ, ತವರಿನವರು ಹಾಕಿದ್ದ ಎರಡೆಳೆ ಸರ ಮಾರಿದ್ದನ್ನು ಸೇರಿಸಿ ಗಂಡನ ಕೈಗಿಟ್ಟಳು. ಯಾರೋ ಓಡಿಸಿ ಬಿಟ್ಟ ಒಂದು ಸಣ್ಣ ಕಾರಿಗೆ ಅದು ಸಾಕಾಗುತ್ತಿತ್ತು. ಮಂಡಿಯ ಟೆಂಪೋ ಓಡಿಸಿ ಅವನಿಗೆ ರೂಢಿಯಿತ್ತು. ತೂಕ ಶುರುವಾಗುವುದು ಮಧ್ಯಾಹ್ನದ ಮೇಲೆ. ಬೆಳಗ್ಗೆ ಮಗುವನ್ನು ಅವನೇ ಕರೆದುಕೊಂಡು ಹೋಗಿ ಬರಬಹುದಿತ್ತು.

ಭಾನುವಾರ ಅವನು ಹಳೆಯ ಕಾರು ಮಾರುವ ಅಂಗಳಕ್ಕೆ ಹೋದ. ಗೇಟಿನ ಹತ್ತಿರ ಚಪ್ಪಲಿ ಬಿಡಬೇಕೋ ಏನೋ ಎಂದು ಅನುಮಾನಿಸುತ್ತ ನಿಂತ. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮಾಲೀಕ ಒಳಗಿನಿಂದ ಎದ್ದು ಬಂದ.

"ಬನ್ನಿ ಯಜಮಾನ್ರೇ, ಬಿಸಿಲಲ್ಲಿ ಯಾಕೆ ನಿಂತಿದ್ದೀರಿ? ಒಳಗೆ ಬನ್ನಿ."

ಕುರ್ಚಿ ಎಳೆದ. ಎಳೆದ ಮೇಲೆ ತನ್ನ ಕರವಸ್ತ್ರದಿಂದ ಅದನ್ನು ಒರೆಸಿದ. ತೂಕದವನು ತನ್ನ ಜನ್ಮದಲ್ಲಿ ಹಾಗೆ ಒರೆಸಿದ ಕುರ್ಚಿಯ ಮೇಲೆ ಕೂತಿರಲಿಲ್ಲ. ಚಹಾ ಬಂತು, ಅದೂ ಕಪ್ಪು-ಬಸಿಯಲ್ಲಿ. ಮಾಲೀಕ ಒಂದು ಸಣ್ಣ ಬಿಳಿ ಕಾರು ತೋರಿಸಿದ. ಒಬ್ಬ ಡಾಕ್ಟರು ಓಡಿಸಿದ್ದು, ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ, ಬೇರೆ ದಾರಿಯನ್ನೇ ಅದು ಕಂಡಿಲ್ಲ ಎಂದ. ಕಾರು ಚೆನ್ನಾಗಿಯೇ ಇತ್ತು. ಬೆಲೆಯೂ ಕೈಗೆ ಎಟುಕುವಂತಿತ್ತು. ತೂಕದವನು ಅದನ್ನು ಕೊಂಡು ಹೋಗಲೆಂದೇ ಬಂದಿದ್ದ.

"ನೀವು ಏನಂತೀರಿ ಯಜಮಾನ್ರೇ? ನಿಮ್ಮ ಬಾಯಿಂದ ಒಂದು ಮಾತು ಬರಲಿ," ಎಂದ ಮಾಲೀಕ.

ತೂಕದವನು ಕಾರನ್ನು ಒಂದು ಸುತ್ತು ಬಂದ. ಹಿಂದಿನ ಬಾಗಿಲಿನ ಬಣ್ಣ ಉಳಿದ ಬಣ್ಣಕ್ಕಿಂತ ಕೂದಲೆಳೆಯಷ್ಟು ಬೇರೆಯಾಗಿತ್ತು. ಅವನು ಅದನ್ನು ಬೆರಳಿನಿಂದ ಮುಟ್ಟಿ, "ನೋಡೋಣ," ಎಂದ.

ಮಾಲೀಕನ ಮುಖ ಇಳಿದುಹೋಯಿತು. ಅಷ್ಟು ದೊಡ್ಡ ಮನುಷ್ಯ ಅವನ ಒಂದು ಮಾತಿಗೆ ಬೆವರು ಒರೆಸಿಕೊಂಡ, ಗೇಟಿನ ತನಕ ಹಿಂದೆಯೇ ಬಂದ, ಬೇರೆಯವರಿಗೆ ಕೊಡದೆ ನಾಲ್ಕು ದಿನ ಇಟ್ಟುಕೊಂಡಿರುತ್ತೇನೆ ಎಂದ. ತೂಕದವನು ಹಿಂದೆ ತಿರುಗದೆ ನಡೆದ. ಆ ರಾತ್ರಿ ಊಟ ಅವನಿಗೆ ಎಂದಿಗಿಂತ ರುಚಿಯಾಗಿತ್ತು.

ಹೆಂಡತಿ ಕೇಳಿದ್ದಕ್ಕೆ, "ಬಾಗಿಲಿಗೆ ಬೇರೆ ಬಣ್ಣ ಹಚ್ಚಿದ್ದಾರೆ, ಎಲ್ಲೋ ಗುದ್ದಿಸಿದ ಗಾಡಿ," ಎಂದ. ಅದು ನಿಜವೇ ಆಗಿತ್ತು. ಅವಳು ನಂಬಿದಳು.

ಮುಂದಿನ ಭಾನುವಾರ ಬೇರೆ ಅಂಗಳಕ್ಕೆ ಹೋದ. ಅದರ ಮುಂದಿನ ಭಾನುವಾರ ಮತ್ತೊಂದಕ್ಕೆ. ಹೋಗುತ್ತ ಹೋಗುತ್ತ ಕೆಲಸ ಕಲಿತ. ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡ. ಗುದ್ದಿದ ತಗ್ಗಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರೆ ಅಯಸ್ಕಾಂತ ಅಲ್ಲಿ ಅಂಟುವುದಿಲ್ಲ. ಸೀಟಿನ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿದ. ನೆರೆಯಲ್ಲಿ ಮುಳುಗಿದ ಕಾರಾದರೆ ಎಲ್ಲ ತೊಳೆದರೂ ಬೆಲ್ಟಿನ ಒಳತುದಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಕಾಲಡಿಯ ಚಾಪೆ ಎತ್ತಿ ಮೂಸಿದ. ಅವನು ಎತ್ತಿ ಹೇಳಿದ ದೋಷಗಳಲ್ಲಿ ಒಂದೂ ಸುಳ್ಳಲ್ಲ. ಹತ್ತು ವರ್ಷ ಊರೂರು ಅಲೆದ ಕಾರಿನಲ್ಲಿ ದೋಷ ಹುಡುಕಿದರೆ ಸಿಗದೆ ಎಲ್ಲಿ ಹೋಗುತ್ತದೆ?

ಸುದ್ದಿ ಹಬ್ಬಿತು. ಕಾರು ಕೊಳ್ಳುವವರು ಅವನನ್ನು ಜೊತೆಗೆ ಕರೆದುಕೊಂಡು ಹೋಗತೊಡಗಿದರು. ಬೇರೆಯವರ ಕಾರನ್ನು ಅವನು ಚಹಾ ಆರುವುದರೊಳಗೆ ಆರಿಸಿಬಿಡುತ್ತಿದ್ದ. 'ಇಷ್ಟು ಬೆಲೆಗೆ ಇಷ್ಟು ಕೊರತೆ ನಡೆಯುತ್ತದೆ, ತೆಗೆದುಕೊಳ್ಳಿ' ಎನ್ನುತ್ತಿದ್ದ. ಅವರು ಕೊಂಡರು, ಸುಖವಾಗಿ ಓಡಿಸಿದರು. ಅಂಗಳದವರು ಕಮಿಷನ್ ಕೊಡಲು ಬಂದರೆ ಕೈಯಿಂದಲೂ ಮುಟ್ಟಲಿಲ್ಲ. ಅವನಿಗೆ ಬೇಕಾಗಿದ್ದುದನ್ನು ಅವರು ಆಗಲೇ ಕೊಟ್ಟಿದ್ದರು. ಅವನು ದೂರದಲ್ಲಿ ಕಾಣಿಸಿದರೆ ಸಾಕು, ಕೂತವರು ಎದ್ದು ನಿಲ್ಲುತ್ತಿದ್ದರು. ವಾರದ ಆರು ದಿನ ಏಯ್ ಎಂದು ಕರೆಸಿಕೊಂಡವನು ಏಳನೆಯ ದಿನ ಯಜಮಾನ್ರು. ಕೊಂಡುಬಿಟ್ಟರೆ ಆ ಏಳನೆಯ ದಿನವೂ ಹೋಯಿತು. ಇದನ್ನು ಅವನು ಹೀಗೆ ಬಿಡಿಸಿ ಎಂದೂ ಯೋಚಿಸಲಿಲ್ಲ. ಯೋಚಿಸಿದ್ದರೆ ನಾಚಿಕೆಯಾಗುತ್ತಿತ್ತು.

ಆ ಬಿಳಿ ಕಾರನ್ನು ಪಕ್ಕದ ಬೀದಿಯ ಮೇಷ್ಟರು ಕೊಂಡರು. ದಿನವೂ ಬೆಳಗ್ಗೆ ಅದು ಇವರ ಮನೆಯ ಮುಂದೆಯೇ ಹೋಗುತ್ತಿತ್ತು. ಒಂದು ದಿನ ಹೆಂಡತಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಮೇಷ್ಟ್ರ ಕಾರು ಹೋಯ್ತು ನೋಡ್ರೀ. ಆ ಬಾಗಿಲಿನ ಬಣ್ಣ ಅವರ ಕಣ್ಣಿಗೆ ಬೀಳ್ಲಿಲ್ವಂತಾ?"

"ನಿನಗೆ ಗಾಡಿ ವಿಚಾರ ಏನೇ ಗೊತ್ತು? ಮಗು ಕೂರೋ ಗಾಡಿ. ದಾರೀಲಿ ಕೈಕೊಟ್ರೆ?"

"ಕೈಕೊಡೋಕಾದ್ರೂ ಅದು ದಾರಿಗೆ ಬರ್ಬೇಕಲ್ಲ! ನನ್ನನ್ನ ನೋಡೋಕೆ ಬಂದಾಗ ಉಪ್ಪಿಟ್ಟು ತಿಂದು ಕೈ ತೊಳೆಯೋದ್ರೊಳಗೆ ಒಪ್ಕೊಂಡ್ರಿ. ಆವಾಗ ಯಾವ ಬೆಲ್ಟು ಎಳೆದು ನೋಡಿದ್ರಿ?"

ಅವನಿಗೆ ನಗು ಬಂತು. ಅವಳಿಗೆ ಬರಲಿಲ್ಲ. ಅವಳು ಮಗುವನ್ನು ಎತ್ತಿಕೊಂಡು ಬಸ್ಸಿಗೆ ಹೋದಳು. ವಾರಕ್ಕೆ ಮೂರು ಸಲ ಹೋಗುತ್ತಿದ್ದವಳು ಆ ಹೊತ್ತಿಗೆ ಒಂದು ಸಲ ಹೋಗುತ್ತಿದ್ದಳು. ಮಗು ಬೆಳೆದಿತ್ತು. ಅವಳ ಸೊಂಟ ಸೋತಿತ್ತು.

ಮಗುವಿಗೆ ಆರು ತುಂಬಿದ ಮೇಲೆ ಒಂದು ಭಾನುವಾರ ಅವಳೂ ಹೊರಟಳು. "ಇವತ್ತು ಬಸ್ಸಲ್ಲಿ ವಾಪಸ್ಸು ಬರೋಲ್ಲ," ಎಂದಷ್ಟೇ ಹೇಳಿದಳು.

ಅಂಗಳದಲ್ಲಿ ಮಾಲೀಕ ಎದ್ದು ಬಂದ. ಕುರ್ಚಿ ಒರೆಸಿದ. ಅಲ್ಲಿ ಒಂದು ಸಣ್ಣ ಬೂದು ಬಣ್ಣದ ಕಾರು ನಿಂತಿತ್ತು. ತಾಯಿ ಯಾರನ್ನೂ ಕೇಳದೆ ಹಿಂದಿನ ಬಾಗಿಲು ತೆಗೆದು ಮಗುವನ್ನು ಸೀಟಿನ ಮೇಲೆ ಮಲಗಿಸಿ ತಾನೂ ಕೂತಳು. ತೂಕದವನು ಊರಾಚೆಯ ಕೆರೆಯ ತನಕ ಓಡಿಸಿಕೊಂಡು ಹೋಗಿ ಬಂದ. ಮಗು ಒಂದು ಸಲವೂ ಅಳಲಿಲ್ಲ. ವಾಪಸ್ಸು ಬರುವಾಗ ಕಾಲು ಚಾಚಿ ನಿದ್ದೆ ಮಾಡಿತ್ತು.

"ಇದೇ ಸಾಕು ಕಣ್ರೀ," ಎಂದಳು ಹೆಂಡತಿ.

ಅವನು ಇಳಿದು ಕಾರನ್ನು ಸುತ್ತು ಬಂದ. ಅಯಸ್ಕಾಂತ ಇಟ್ಟ. ಒಂದು ಕಡೆ ಅದು ಜಾರಿ ಕೆಳಗೆ ಬಿತ್ತು. ಮಾಲೀಕ ಎರಡೂ ಕೈ ಜೋಡಿಸಿಕೊಂಡು ಅವನ ಬಾಯಿಯನ್ನೇ ನೋಡುತ್ತಿದ್ದ. ಅಂಗಳದಲ್ಲಿದ್ದ ಇತರ ಗಿರಾಕಿಗಳೂ ಹತ್ತಿರ ಬಂದು ನಿಂತರು. ತೂಕದವನ ಎದೆ ಉಬ್ಬಿತು.

"ನೋಡೋಣ," ಎಂದ.

ಹೇಳಿದ ಮೇಲೆ ಅವನಿಗೆ ಹೆಂಡತಿ ಕಂಡಳು. ಅವಳು ಕಾರನ್ನು ನೋಡುತ್ತಿರಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು. ಬಗ್ಗಿ ಮಗುವನ್ನು ಎತ್ತಿಕೊಂಡಳು. ಎಚ್ಚರವಾದ ಮಗು ಬಾಗಿಲಿನ ಹಿಡಿಯನ್ನು ಹಿಡಿದು ಬಿಡಲಿಲ್ಲ. ತಾಯಿ ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಬಸ್ ಸ್ಟ್ಯಾಂಡಿನಲ್ಲಿ ಅವಳು ಹೇಳಿದಳು: "ನಿಮ್ಮ ಮುಖ ಅಷ್ಟು ಲಕ್ಷಣವಾಗಿ ಕಾಣತ್ತೇಂತ ನನಗೆ ಗೊತ್ತಿರ್ಲಿಲ್ಲ. ಮದುವೆ ಫೋಟೋದಲ್ಲೂ ಹಾಗಿಲ್ಲ."

ಅಂದಿನಿಂದ ಅವಳು ಕಾರಿನ ಮಾತೆತ್ತಲಿಲ್ಲ. ಬೈಯುವುದನ್ನೂ ಬಿಟ್ಟಳು. ಬೈಯುವ ಹೆಂಡತಿ ಸುಮ್ಮನಾದಳಲ್ಲ ಎಂದು ಅವನು ಹೆದರಬೇಕಾಗಿತ್ತು. ನಿರಾಳವಾಯಿತು ಎಂದುಕೊಂಡ.

ಏಳು ತುಂಬಿದ ತಿಂಗಳು ವೈದ್ಯೆ ಮಗುವಿನ ಕಾಲನ್ನು ಎಳೆದು ನೋಡಿದರು. ಅದು ಬರಲಿಲ್ಲ. ಇನ್ನೊಮ್ಮೆ ನೋಡಿದರು. ಚೀಟಿಯನ್ನು ಮಡಿಸಿ ತಾಯಿಯ ಕೈಗೆ ಕೊಟ್ಟು, "ಇನ್ನು ಬರುವುದು ಬೇಡಮ್ಮ, ಮಗುವಿಗೆ ಸುಮ್ಮನೆ ಹಿಂಸೆ," ಎಂದರು.

ಆ ಭಾನುವಾರ ತೂಕದವನು ಅಂಗಳಕ್ಕೆ ಹೋಗಿ ಕಣ್ಣಿಗೆ ಬಿದ್ದ ಮೊದಲ ಕಾರನ್ನು ಕೊಂಡ. ಬಾಗಿಲು ತಟ್ಟಿ ನೋಡಲಿಲ್ಲ. ಬೆಲ್ಟು ಎಳೆಯಲಿಲ್ಲ. ಕುರ್ಚಿಯ ಮೇಲೆ ಕೂರಲೂ ಇಲ್ಲ. ಹೂವಿನ ಹಾರ ಹಾಕಿಸಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹತ್ತಿಸಿ, ಮನೆಯ ಮುಂದೆ ತಂದು ನಿಲ್ಲಿಸಿ ಹಾರ್ನ್ ಹೊಡೆದ.

ಹೆಂಡತಿ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ಮಗುವಿನ ಮಡಿಚಿದ ಕಾಲುಗಳು ಅವಳ ಹೊಟ್ಟೆಗೆ ಒತ್ತಿಕೊಂಡಿದ್ದವು. ಅವನು ಇಳಿದು ಹಿಂದಿನ ಬಾಗಿಲು ತೆಗೆದು ಹಿಡಿದ.

"ಹತ್ತು, ಹೋಗೋಣ," ಎಂದ.

"ಎಲ್ಲಿಗ್ರೀ?" ಎಂದಳು ಹೆಂಡತಿ.

ಅವನು ಬಾಗಿಲು ಹಿಡಿದುಕೊಂಡೇ ನಿಂತಿದ್ದ. ಅವಳು ಮೆಟ್ಟಿಲಿಳಿಯಲಿಲ್ಲ. ಒಲೆಯ ಮೇಲೆ ರೊಟ್ಟಿ ಸೀಯುತ್ತಿದೆ ಎಂದು ಒಳಗೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಚುರುಕಾದವನು. ಕತೆ ಯಾವ ಕಡೆಗೆ ನಡೆದಿದೆ ಎಂಬುದು ಅವನಿಗೆ ಅರ್ಧದಲ್ಲೇ ತಿಳಿದಿತ್ತು. ಸ್ವಲ್ಪ ಸಿಟ್ಟಿನಿಂದಲೇ ಹೇಳಿದ: "ಅವನು ಮರ್ಯಾದೆಯ ಹಸಿವಿನಿಂದ ಅಲೆದ, ಗುರುಗಳೇ. ನಾನು ಸತ್ಯವನ್ನು ಹುಡುಕಿಕೊಂಡು ಅಲೆಯುತ್ತಿದ್ದೇನೆ. ಅವನನ್ನೂ ನನ್ನನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತೀರಾ?"

ಗುರುಗಳು ಅವನ ಮುಖ ನೋಡಿ ಕೇಳಿದರು: "ನೀನು ಮನೆ ಬಿಟ್ಟು ಹೊರಟ ದಿನ ನಿನ್ನ ಮಗುವಿಗೆ ಎಷ್ಟು ತಿಂಗಳಾಗಿತ್ತಪ್ಪ?"