ಹೆಪ್ಪು ಹಾಕದ ಹಾಲು

ಬೀಜದ ಫಾರ್ಮಿನಲ್ಲಿ ಕೂಲಿ ಮಾಡುವ ಬಾಳವ್ವ ಗೋಧಿ ಬೀಜಕ್ಕೆ ಬೆಲ್ಲದ ನೀರು ಚಿಮುಕಿಸಿ, ಹಸಿರು ಬೂಷ್ಟಿನ ಪುಡಿ ಸವರಿ, ನೆರಳಲ್ಲಿ ಹರವಿದ್ದಳು. ಹೋದ ವರ್ಷ ಮಣ್ಣಿನೊಳಗಿನ ಕೆಟ್ಟ ಬೂಷ್ಟು ಬೇರು ಕೊಳೆಸಿ ಅರ್ಧ ಗೋಧಿಯನ್ನು ನುಂಗಿತ್ತು. ಆ ಬೂಷ್ಟನ್ನೇ ತಿನ್ನುವ ಬೂಷ್ಟು ಇದು; ಬಿಸಿಲು ತಾಗಿದರೆ ಸಾಯುತ್ತದೆ. ಬಿತ್ತಲು ಉಳಿದಿದ್ದ ಬೀಜವೂ ಇದಿಷ್ಟೇ.

ಹೊಸದಾಗಿ ಬಂದ ಸಾಹೇಬರು ಛತ್ರಿ ಹಿಡಿದುಕೊಂಡು ಬಂದು ನೋಡಿದರು.

"ಬೂಷ್ಟು ಹಿಡಿದ ಬೀಜ ಬಿತ್ತುತ್ತೀಯಾ? ಬೂಷ್ಟಿನಲ್ಲಿ ಒಳ್ಳೆಯದು, ಕೆಟ್ಟದ್ದು ಅಂತ ಇಲ್ಲ. ನಾಳೆ ಸಂಜೆಯೊಳಗೆ ಎಲ್ಲ ತೊಳೆದು ಬಿಸಿಲಿಗೆ ಹಾಕು."

"ಆಗಲಿರಿ ಸಾಹೇಬ್ರ," ಎಂದಳು ಬಾಳವ್ವ.

ಸಾಹೇಬರಿಗೆ ಅಡುಗೆ ಮಾಡಿ ಹಾಕುವವಳೂ ಅವಳೇ. ಮೊಸರಿಲ್ಲದೆ ಅವರಿಗೆ ಊಟ ಇಳಿಯದು. ಮರುದಿನ ಮಧ್ಯಾಹ್ನ ರೊಟ್ಟಿಯ ಪಕ್ಕ ಎರಡು ಬಟ್ಟಲು ಇಟ್ಟಳು. ಒಂದರಲ್ಲಿ ಗಟ್ಟಿ ಮೊಸರು. ಇನ್ನೊಂದರಲ್ಲಿ ಹಾಲು ಒಡೆದು ನಾರುತ್ತಿತ್ತು.

"ಇದೇನಿದು?" ಸಾಹೇಬರು ಮೂಗು ಮುಚ್ಚಿಕೊಂಡರು.

"ಎರಡೂ ನಿನ್ನಿ ಹಾಲೇ ರೀ. ಹೆಪ್ಪಿನೊಳಗೂ ಕಣ್ಣಿಗೆ ಕಾಣದ ಜೀವ ಇರತಾವಂತ. ನಿಮ್ಮ ಮಾತು ಕೇಳಿ ಒಂದಕ್ಕ ಹೆಪ್ಪು ಹಾಕಲಿಲ್ಲ. ಒಳ್ಳೇದನ್ನ ಕೂಡಿಸದಿದ್ದರ ಜಾಗ ಖಾಲಿ ಇರತದೇನ್ರಿ? ಕೆಟ್ಟದ್ದು ಬಂದು ಕೂತದ."

ಸಾಹೇಬರು ಮೊಸರಿನ ಬಟ್ಟಲು ಎಳೆದುಕೊಂಡು ಉಂಡರು. ಕೈ ತೊಳೆದು ಕೇಳಿದರು.

"ಬೀಜ ತೊಳೆದೆಯಾ?"

"ನಿಮ್ಮ ಊಟ ಆಗಲಿ ಅಂತ ಕಾದೀನ್ರಿ."

ಹೊರಗೆ ಬಿಸಿಲು ಸರಿದು ಬೀಜದ ಅಂಚಿಗೆ ಬಂದಿತ್ತು. ಸಾಹೇಬರು ಛತ್ರಿ ಬಿಚ್ಚಿ ಬೀಜಕ್ಕೆ ಮರೆಯಾಗಿ ಹಿಡಿದರು. ತಾವು ಬಿಸಿಲಲ್ಲೇ ನಿಂತರು.

"ಬೇಗ ಚೀಲಕ್ಕೆ ತುಂಬಿಕೋ ಬಾಳವ್ವ, ಬಿತ್ತೋಣ," ಎಂದರು.